ಡಬ್ಬದ ಮೇಲೆ 6400, ಒಳಗೆ ಎಷ್ಟು?

ಹೋದ ಸೆಮಿಸ್ಟರ್ ರಜೆ ಮುಗಿಸಿಕೊಂಡು ಬರುವಾಗ ನಮ್ಮ ಗೆಳೆಯನೊಬ್ಬ ಒಂದು ಹಳೇ ಬಿಸ್ಕತ್ತಿನ ಡಬ್ಬ ತಂದಿದ್ದ. ತಿನ್ನೋಕೆ ಅಂತ ಮುಚ್ಚಳ ತೆಗೆದರೆ ಒಳಗೆ ನೆಗೆಟಿವ್‌ಗಳು! ಅವನ ತಾತ ಅರಸೀಕೆರೆ ಕಡೆ ಒಂದು ಸಣ್ಣ ಸ್ಟುಡಿಯೋ ಇಟ್ಟಿದ್ದರಂತೆ. ಎಲ್ಲವೂ ಚೌಕಾಕಾರದ ಕಪ್ಪು-ಬಿಳುಪು ನೆಗೆಟಿವ್‌ಗಳು, ಎಣಿಸಿದಾಗ ಒಟ್ಟು 140 ಇದ್ದವು. ಹಳೇ ಮನೆ ಖಾಲಿ ಮಾಡುತ್ತಿದ್ದ ಅವನ ಚಿಕ್ಕಪ್ಪ ಡಬ್ಬ ಕೈಗೆ ಕೊಟ್ಟು, "ಕಾಲೇಜಲ್ಲಿ ಸ್ಕ್ಯಾನರ್ ಇದ್ಯಲ್ಲ, ಎಲ್ಲಾ ಸ್ಕ್ಯಾನ್ ಮಾಡ್ಕೊಂಡ್ಬಿಡು. ಆಮೇಲೆ ಈ ಕಸ ಎಸೆದ್ರಾಯ್ತು" ಅಂದಿದ್ದರು.

ಅವನ ಅಜ್ಜಿ ಮಾತ್ರ ಒಂದು ನೆಗೆಟಿವನ್ನು ಬೇರೆ ಕವರಿಗೆ ಹಾಕಿ ಕೊಟ್ಟಿದ್ದರು. ಅದೊಂದು ಮದುವೆಯ ಗುಂಪು ಫೋಟೋ. ಹಿಂದಿನ ಸಾಲಿನ ಕೊನೆಯಲ್ಲಿ ನಿಂತಿರುವವರು ಅಜ್ಜಿಯ ತಾಯಿ. ಅವರದು ಅಂತ ಇಡೀ ಮನೆಯಲ್ಲಿ ಇರೋದು ಇದೊಂದೇ ಫೋಟೋ. "ನಮ್ಮವ್ವನ ಮುಖ ಒಸಿ ದೊಡ್ಡದಾಗಿ ಕಾಣಂಗೆ ಮಾಡ್ಕೊಡ್ರಪ್ಪ" ಅಂತ ಅಜ್ಜಿ ಹೇಳಿ ಕಳಿಸಿದ್ದರು.

ನಮಗೇನೂ ಕಷ್ಟ ಅನ್ನಿಸಲಿಲ್ಲ. ನಮ್ಮ ಡಿಪಾರ್ಟ್‌ಮೆಂಟ್ ಲ್ಯಾಬಿನಲ್ಲಿ ಫಿಲ್ಮ್ ಸ್ಕ್ಯಾನ್ ಮಾಡಬಲ್ಲ ಒಂದು ಫ್ಲಾಟ್‌ಬೆಡ್ ಸ್ಕ್ಯಾನರ್ ಇದೆ. ಜೆರಾಕ್ಸ್ ಅಂಗಡಿಯಲ್ಲಿ ನೋಡ್ತೀವಲ್ಲ, ಹಾಗೇ ಗಾಜಿನ ಹಾಸು, ಮೇಲೆ ಮುಚ್ಚಳ. ವ್ಯತ್ಯಾಸ ಏನಂದರೆ ಈ ಮುಚ್ಚಳದೊಳಗೂ ಒಂದು ದೀಪ ಇರುತ್ತೆ. ಕಾಗದಕ್ಕೆ ಬೆಳಕು ಕೆಳಗಿನಿಂದ ಬಿದ್ದು ವಾಪಸ್ ಬರಬೇಕು, ಫಿಲ್ಮಿಗೆ ಬೆಳಕು ಮೇಲಿಂದ ತೂರಿ ಬರಬೇಕು. ಅದರ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ "6400 ಡಿಪಿಐ ಆಪ್ಟಿಕಲ್" ಅಂತ ಬರೆದಿತ್ತು. ಇನ್ನೇನು ಬೇಕು? ಸೆಟ್ಟಿಂಗನ್ನು 6400ಕ್ಕೆ ಇಟ್ಟು ಅಜ್ಜಿಯ ನೆಗೆಟಿವನ್ನು ಸ್ಕ್ಯಾನ್ ಮಾಡಿದೆವು. ಹನ್ನೊಂದು ನಿಮಿಷ ಕಾದೆವು. ಫೈಲ್ ಬಂತು, ಸುಮಾರು 400 ಎಂ.ಬಿ. ತೆರೆದು, ಮುಖದ ಹತ್ತಿರ ಜೂಮ್ ಮಾಡಿದರೆ ಬರೀ ಮಂಜು. ಪಿಕ್ಸೆಲ್‌ಗಳೇನೋ ರಾಶಿ ರಾಶಿ ಇದ್ದವು, ಮುಖ ಇರಲಿಲ್ಲ.

ತಪ್ಪು ಯಾರದು? ತಾತನ ಕ್ಯಾಮೆರಾದ್ದಾ, ಫಿಲ್ಮಿನದಾ, ಸ್ಕ್ಯಾನರಿನದಾ? ಇದಕ್ಕೆ ಉತ್ತರ ಸಿಗದೆ ಡಬ್ಬವನ್ನು ಎಸೆಯೋ ಹಾಗಿರಲಿಲ್ಲ. ಫಿಲ್ಮಿನಲ್ಲಿ ಇದ್ದದ್ದೆಲ್ಲ ನಮ್ಮ ಫೈಲಿಗೆ ಬಂದಿದೆ ಅಂತಾದರೆ ಚಿಕ್ಕಪ್ಪ ಹೇಳಿದ್ದು ಒಂದು ಲೆಕ್ಕಕ್ಕೆ ಸರಿ. ಬಂದಿಲ್ಲ ಅಂತಾದರೆ, ಎಸೆದ ಮೇಲೆ ಮತ್ತೆ ತರೋಕೆ ಆಗಲ್ಲ. ಹಾಗಾಗಿ ಮೊದಲು ಸ್ಕ್ಯಾನರನ್ನೇ ಅಳೆಯೋಣ ಅಂತ ಕೂತೆವು. ಅಳೆಯುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ. ನಾವೆಲ್ಲ ಇಂಗ್ಲಿಷ್ ಮೀಡಿಯಂನವರು, ಕನ್ನಡದಲ್ಲಿ ಎಡವಿದ್ದರೆ ಸೀನಿಯರ್‌ಗಳು ಕ್ಷಮಿಸಬೇಕು.

6400 ಅಂದರೆ ಏನು?

ಡಿಪಿಐ ಅಂದರೆ ಇಂಚಿಗೆ ಎಷ್ಟು ಚುಕ್ಕಿ ಅಂತ. ಸ್ಕ್ಯಾನರ್ ವಿಷಯದಲ್ಲಿ, ಒಂದು ಇಂಚು ಉದ್ದದೊಳಗೆ ಅದು ಎಷ್ಟು ಸಲ ಬೆಳಕನ್ನು ಅಳೆದು ಬರೆದುಕೊಳ್ಳುತ್ತೆ ಅನ್ನೋದು. ಮೂರನೇ ಸೆಮ್‌ನ ಸಿಗ್ನಲ್ಸ್ ಕ್ಲಾಸಿನ ಭಾಷೆಯಲ್ಲಿ ಹೇಳಬೇಕಂದರೆ ಇದು ಸ್ಯಾಂಪ್ಲಿಂಗ್ ರೇಟ್, ಅಷ್ಟೇ. ರೆಸಲ್ಯೂಷನ್ ಬೇರೆ. ಪಕ್ಕಪಕ್ಕದ ಎರಡು ಗೆರೆಗಳನ್ನು ಎರಡು ಅಂತಲೇ ಬಿಡಿಸಿ ತೋರಿಸೋ ಶಕ್ತಿಗೆ ರೆಸಲ್ಯೂಷನ್ ಅಂತಾರೆ.

ಚುಕ್ಕಿ ರಂಗೋಲಿ ನೆನಪು ಮಾಡಿಕೊಳ್ಳಿ. ಒಂದು ಮೊಳ ಜಾಗದಲ್ಲಿ ಏಳು ಚುಕ್ಕಿ ಬದಲು ಇಪ್ಪತ್ತೊಂದು ಚುಕ್ಕಿ ಇಡಬಹುದು. ಆದರೆ ಬೆರಳ ಸಂದಿಯಿಂದ ಬೀಳುವ ಪುಡಿಯ ಗೆರೆ ಎಷ್ಟು ದಪ್ಪವೋ ಅಷ್ಟೇ ದಪ್ಪ. ಚುಕ್ಕಿ ಹತ್ತಿರ ಹತ್ತಿರ ಇಟ್ಟ ಮಾತ್ರಕ್ಕೆ ಗೆರೆ ಸಣ್ಣಗಾಗಲ್ಲ, ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತೆ. ಸ್ಕ್ಯಾನರಿನ ಡಿಪಿಐ ಅಂದರೆ ಚುಕ್ಕಿಯ ಲೆಕ್ಕ. ಪುಡಿಯ ಗೆರೆ ಎಷ್ಟು ದಪ್ಪ ಅನ್ನೋದನ್ನ ಡಬ್ಬದ ಮೇಲೆ ಬರೆಯಲ್ಲ.

ಹಾಗಾಗಿ ಒಂದೇ ಯಂತ್ರಕ್ಕೆ ಮೂರು ಸಂಖ್ಯೆ ಇರುತ್ತೆ.

ಮೊದಲನೆಯದು ಇಂಟರ್‌ಪೊಲೇಷನ್ ಸಂಖ್ಯೆ, 12800 ಅಂತ ಏನಾದರೂ ಇರುತ್ತೆ. ಇದು ಪೂರ್ತಿ ಸಾಫ್ಟ್‌ವೇರ್ ಲೆಕ್ಕ. ಎರಡು ಪಿಕ್ಸೆಲ್ ನಡುವೆ ಇನ್ನೊಂದನ್ನು ಊಹಿಸಿ ತುಂಬುವುದು.

ಎರಡನೆಯದು "ಆಪ್ಟಿಕಲ್" ಅಂತ ಬರೆಯೋ ಸಂಖ್ಯೆ, ನಮ್ಮ 6400. ಹೆಸರಲ್ಲಿ ಆಪ್ಟಿಕಲ್ ಇದ್ದರೂ ಲೆನ್ಸಿಗೂ ಇದಕ್ಕೂ ಸಂಬಂಧ ಕಮ್ಮಿ. ಸೆನ್ಸರ್ ಮತ್ತು ಮೋಟಾರ್ ಸೇರಿ ನಿಜವಾಗಿಯೂ ಇಂಚಿಗೆ 6400 ಸಲ ಅಳೆಯುತ್ತವೆ. ಆ ಮಟ್ಟಿಗೆ ಇದು ಸುಳ್ಳಲ್ಲ.

ಮೂರನೆಯದು ಕೊನೆಗೆ ಕಣ್ಣಿಗೆ ಕಾಣೋ ವಿವರ. ಇದನ್ನ ನಾವೇ ಅಳೆದುಕೊಳ್ಳಬೇಕು.

ಅಳೆಯೋದು ಹೇಗೆ?

ಇದಕ್ಕೆ ಹಳೇ ಕಾಲದ ಒಂದು ಗಟ್ಟಿ ಸಾಧನ ಇದೆ. 1951ರಲ್ಲಿ ಅಮೆರಿಕದ ವಾಯುಪಡೆಗಾಗಿ ಮಾಡಿದ ಟೆಸ್ಟ್ ಚಾರ್ಟ್. ಗಾಜಿನ ಮೇಲೆ ಕ್ರೋಮಿಯಂ ಲೇಪಿಸಿ ಗೆರೆಗಳನ್ನು ಕೊರೆದಿರುತ್ತಾರೆ. ನಮ್ಮ ಕಾಲೇಜಿನ ಆಪ್ಟಿಕ್ಸ್ ಲ್ಯಾಬಿನಲ್ಲಿ ಒಂದಿತ್ತು, ಲ್ಯಾಬ್ ಇನ್‌ಸ್ಟ್ರಕ್ಟರ್ "ಬೆರಳು ತಾಗಿಸಬೇಡ್ರೋ" ಅಂತ ನಾಲ್ಕು ಸಲ ಹೇಳಿ ಕೊಟ್ಟರು.

ಚಾರ್ಟಿನಲ್ಲಿ ಮೂರು ಅಡ್ಡ ಗೆರೆ, ಮೂರು ಉದ್ದ ಗೆರೆ ಸೇರಿದರೆ ಒಂದು ಎಲಿಮೆಂಟ್. ಆರು ಎಲಿಮೆಂಟ್ ಸೇರಿದರೆ ಒಂದು ಗ್ರೂಪ್. ಎಲಿಮೆಂಟ್‌ನಿಂದ ಎಲಿಮೆಂಟ್‌ಗೆ ಗೆರೆಗಳು ಸಣ್ಣಗಾಗುತ್ತಾ ಹೋಗುತ್ತವೆ. ಒಂದು ಕಪ್ಪು ಗೆರೆ, ಪಕ್ಕದ ಒಂದು ಖಾಲಿ ಜಾಗ, ಎರಡೂ ಸೇರಿ ಒಂದು ಗೆರೆಜೋಡಿ ಅಂತ ಲೆಕ್ಕ. ಒಂದು ಮಿಲಿಮೀಟರಿಗೆ ಎಷ್ಟು ಗೆರೆಜೋಡಿ ಅನ್ನೋದಕ್ಕೆ ಸೂತ್ರ ಇದು:

ಗೆರೆಜೋಡಿ = 2ರ ಘಾತ [ಗ್ರೂಪ್ + (ಎಲಿಮೆಂಟ್ − 1) ÷ 6]

ಗ್ರೂಪ್ 5, ಎಲಿಮೆಂಟ್ 1 ಅಂದರೆ 2ರ ಘಾತ 5, ಅಂದರೆ ಮಿ.ಮೀ.ಗೆ 32 ಗೆರೆಜೋಡಿ. ಎಲಿಮೆಂಟ್ 2 ಅಂದರೆ ಸುಮಾರು 36. ಗ್ರೂಪ್ 6 ಶುರುವಾಗೋದು 64ರಿಂದ.

ಇದನ್ನು ಡಿಪಿಐಗೆ ತಿರುಗಿಸೋದು ಸುಲಭ. ಒಂದು ಜೋಡಿಗೆ ಕನಿಷ್ಠ ಎರಡು ಪಿಕ್ಸೆಲ್ ಬೇಕು, ನೈಕ್ವಿಸ್ಟ್ ಹೇಳಿದ್ದು ಅದನ್ನೇ. ಒಂದು ಇಂಚು ಅಂದರೆ 25.4 ಮಿ.ಮೀ. ಹಾಗಾಗಿ ಗೆರೆಜೋಡಿಯನ್ನು 50.8ರಿಂದ ಗುಣಿಸಿ. 32 ಜೋಡಿ ಅಂದರೆ 1626 ಡಿಪಿಐ. ಉಲ್ಟಾ ಲೆಕ್ಕ ಹಾಕಿದರೆ, ಡಬ್ಬದ ಮೇಲಿನ 6400 ನಿಜವಾಗಬೇಕಾದರೆ ಮಿ.ಮೀ.ಗೆ 126 ಗೆರೆಜೋಡಿ ಬಿಡಿಬಿಡಿಯಾಗಿ ಕಾಣಬೇಕು.

ಇಲ್ಲಿ ಎರಡು ಕಡೆ ನಾವು ಎಡವಿದೆವು, ನೀವು ಎಡವಬೇಡಿ. ಒಂದು, ಅಡ್ಡ ಗೆರೆಗಳು ತೋರಿಸೋದು ಉದ್ದ ದಿಕ್ಕಿನ ಶಕ್ತಿಯನ್ನ, ಉದ್ದ ಗೆರೆಗಳು ತೋರಿಸೋದು ಅಡ್ಡ ದಿಕ್ಕಿನದನ್ನ. ನಾವು ಮೊದಲ ದಿನ ಪೂರ್ತಿ ಉಲ್ಟಾ ಬರೆದುಕೊಂಡಿದ್ದೆವು. ಎರಡು, ಗೆರೆ ಕಾಣ್ತಾ ಇದೆ ಅಂದ ಮಾತ್ರಕ್ಕೆ ಪಾಸ್ ಅಲ್ಲ, ಎಣಿಸಬೇಕು. ಮೂರು ಗೆರೆ ಇರಬೇಕಾದ ಕಡೆ ನೀಟಾಗಿ ಎರಡೇ ಕಂಡರೆ ಅದು ಏಲಿಯಾಸಿಂಗ್. ನಿಜವಾದ ಗೆರೆ ಕರಗಿಹೋಗಿ ಅದರ ಜಾಗದಲ್ಲಿ ಸುಳ್ಳು ಗೆರೆ ಹುಟ್ಟಿರುತ್ತೆ.

ನಮಗೆ ಸಿಕ್ಕಿದ್ದು

ಚಾರ್ಟನ್ನು ಫಿಲ್ಮ್ ಹೋಲ್ಡರಿನಲ್ಲಿ ಇಟ್ಟು, ಶಾರ್ಪನಿಂಗ್ ಎಲ್ಲ ಆಫ್ ಮಾಡಿ, 6400ರಲ್ಲಿ ಸ್ಕ್ಯಾನ್ ಮಾಡಿದೆವು. ಸೆನ್ಸರ್ ಮಲಗಿರುವ ಅಡ್ಡ ದಿಕ್ಕಿನಲ್ಲಿ ಗ್ರೂಪ್ 5, ಎಲಿಮೆಂಟ್ 1ರ ತನಕ ಮೂರು ಗೆರೆ ಎಣಿಸೋಕಾಯ್ತು. 1626 ಡಿಪಿಐ. ಮೋಟಾರ್ ಚಲಿಸುವ ದಿಕ್ಕಿನಲ್ಲಿ ಇನ್ನೂ ಕಮ್ಮಿ, ಗ್ರೂಪ್ 4, ಎಲಿಮೆಂಟ್ 6. ಮಿ.ಮೀ.ಗೆ 28.5 ಜೋಡಿ, ಅಂದರೆ ಸುಮಾರು 1450.

6400 ಅಂದುಕೊಂಡಿದ್ದು 1600 ಆಯ್ತು, ಕಾಲು ಭಾಗ. ಅದೂ ಒಂದು ದಿಕ್ಕಿನಲ್ಲಿ. ಅಡ್ಡಕ್ಕೂ ಉದ್ದಕ್ಕೂ ಸೇರಿಸಿದರೆ, ಫೈಲಿನ ಪ್ರತಿ ಹದಿನಾರು ಪಿಕ್ಸೆಲ್‌ಗೆ ಒಂದು ಪಿಕ್ಸೆಲ್‌ನಷ್ಟು ಮಾತ್ರ ಮಾಹಿತಿ.

ಆಮೇಲೆ ಎತ್ತರ ಬದಲಾಯಿಸಿ ನೋಡಿದೆವು. ಇಂಥ ಸ್ಕ್ಯಾನರಿನಲ್ಲಿ ಫೋಕಸ್ ತಿರುಗಿಸೋ ಸೌಲಭ್ಯ ಇರಲ್ಲ, ಲೆನ್ಸು ಗಾಜಿನಿಂದ ಇಷ್ಟೇ ಎತ್ತರದಲ್ಲಿ ಸ್ಪಷ್ಟ ನೋಡಬೇಕು ಅಂತ ಫ್ಯಾಕ್ಟರಿಯಲ್ಲೇ ಕೂರಿಸಿಬಿಟ್ಟಿರುತ್ತಾರೆ. ಆ ಎತ್ತರ ನಮ್ಮ ಹೋಲ್ಡರಿನ ಎತ್ತರಕ್ಕೆ ಸರಿಯಾಗಿ ಕೂಡಿಕೊಳ್ಳಬೇಕು ಅಂತೇನೂ ಇಲ್ಲ. ಮಾಮೂಲಿ ಎ4 ಕಾಗದ ಸುಮಾರು 0.1 ಮಿ.ಮೀ. ದಪ್ಪ. ಅದನ್ನ ಸಣ್ಣ ಚೌಕಗಳಾಗಿ ಕತ್ತರಿಸಿ ಹೋಲ್ಡರಿನ ನಾಲ್ಕು ಮೂಲೆಗೆ ಎರಡೆರಡಾಗಿ ಇಡುತ್ತಾ ಹೋದೆವು. ಆರು ಹಾಳೆ ಇಟ್ಟಾಗ ಅತಿ ಚೆನ್ನಾಗಿ ಬಂತು. ಗ್ರೂಪ್ 5, ಎಲಿಮೆಂಟ್ 2, ಅಂದರೆ ಸುಮಾರು 1800 ಡಿಪಿಐ. ಹತ್ತು ಹಾಳೆಗೆ ಮತ್ತೆ ಮಂಜು. ಎರಡು ರೂಪಾಯಿ ಕಾಗದದಿಂದ ಸಿಕ್ಕ ಲಾಭ ಇದು!

ಚಾರ್ಟ್ ಸಿಗದವರು ಬೇಜಾರು ಮಾಡ್ಕೋಬೇಡಿ. ಹೊಸ ಶೇವಿಂಗ್ ಬ್ಲೇಡನ್ನು ಸುಮಾರು 5 ಡಿಗ್ರಿ ವಾರೆಯಾಗಿ ಇಟ್ಟು ಸ್ಕ್ಯಾನ್ ಮಾಡಿದರೂ ಸಾಕು. ಅದರ ಅಂಚು ಕಪ್ಪಿನಿಂದ ಬಿಳುಪಿಗೆ ಎಷ್ಟು ಪಿಕ್ಸೆಲ್‌ನಲ್ಲಿ ದಾಟುತ್ತೆ ಅಂತ ನೋಡಿ, ಆ ಕರ್ವನ್ನು ಡಿಫರೆನ್ಷಿಯೇಟ್ ಮಾಡಿ, ಫೋರಿಯರ್ ಟ್ರಾನ್ಸ್‌ಫಾರ್ಮ್ ತೆಗೆದರೆ ಎಂಟಿಎಫ್ ಕರ್ವ್ ಬರುತ್ತೆ. ಯಾವ ಸೂಕ್ಷ್ಮತೆಯ ಗೆರೆಗೆ ಎಷ್ಟು ಕಾಂಟ್ರಾಸ್ಟ್ ಉಳಿಯುತ್ತೆ ಅನ್ನೋದೇ ಎಂಟಿಎಫ್. ಫಿಲ್ಮ್ ಸ್ಕ್ಯಾನರ್ ಅಳೆಯೋ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 16067ರ ಎರಡನೇ ಭಾಗದಲ್ಲೂ ಇದೇ ವಾರೆ ಅಂಚಿನ ಉಪಾಯ ಇದೆ. ಪೈಥಾನ್‌ನಲ್ಲಿ ನಲವತ್ತು ಸಾಲಿನ ಕೆಲಸ. ಲ್ಯಾಬ್ ರೆಕಾರ್ಡಿನಲ್ಲಿ ಬರೆದು ಮರೆತುಹೋಗಿದ್ದ ಫೋರಿಯರ್ ಕೊನೆಗೂ ಯಾವುದಕ್ಕೋ ಉಪಯೋಗಕ್ಕೆ ಬಂತಲ್ಲ ಅನ್ನಿಸಿತು.

ಮಿಕ್ಕದ್ದು ಎಲ್ಲಿ ಸೋರಿಹೋಯಿತು?

ಮೊದಲ ತೂತು ಸೆನ್ಸರಿನಲ್ಲೇ ಇದೆ. ಎ4 ಹಾಸಿನ ಅಗಲ 8.5 ಇಂಚು. ಇಂಚಿಗೆ 6400 ಅಂದರೆ ಒಂದೇ ಸಾಲಿನಲ್ಲಿ 54,400 ಪಿಕ್ಸೆಲ್ ಬೇಕು. ಅಷ್ಟನ್ನು ಒಂದು ಸಾಲಿನಲ್ಲಿ ಕೂರಿಸೋದು ಕಷ್ಟ. ಅದಕ್ಕೇ ಇಂಥ ಸ್ಕ್ಯಾನರುಗಳಲ್ಲಿ ಎರಡು ಸಾಲು ಪಿಕ್ಸೆಲ್ ಇಟ್ಟು, ಒಂದನ್ನು ಇನ್ನೊಂದಕ್ಕಿಂತ ಅರ್ಧ ಪಿಕ್ಸೆಲ್ ಪಕ್ಕಕ್ಕೆ ಸರಿಸೋದು ರೂಢಿ. 3200ರ ಎರಡು ಸಾಲು ಸೇರಿ 6400. ಅಳೆಯೋ ಜಾಗಗಳು ಎರಡರಷ್ಟಾದವು ನಿಜ, ಆದರೆ ಪ್ರತಿ ಪಿಕ್ಸೆಲ್‌ನ ಅಗಲ ಹಾಗೇ ಇದೆ. ಫಿಲ್ಮಿನ ಮೇಲೆ ಲೆಕ್ಕ ಹಾಕಿದರೆ ಅದು ಸುಮಾರು 7.9 ಮೈಕ್ರಾನ್. 6400ಕ್ಕೆ ಬೇಕಾದ ಒಂದು ಗೆರೆಜೋಡಿಯ ಅಗಲವೂ ಸರಿಯಾಗಿ ಅಷ್ಟೇ! ಅಂದರೆ ಪ್ರತಿ ಪಿಕ್ಸೆಲ್‌ನ ಒಳಗೆ ಒಂದು ಕಪ್ಪು ಗೆರೆ, ಒಂದು ಬಿಳಿ ಗೆರೆ ಎರಡೂ ಬೀಳುತ್ತವೆ, ಸರಾಸರಿ ಬೂದು. ಪಕ್ಕದ ಪಿಕ್ಸೆಲ್ಲೂ ಬೂದು. ಸಿಂಕ್ ಫಂಕ್ಷನ್ನಿನ ಮೊದಲ ಸೊನ್ನೆ ಬರೋದು ಇಲ್ಲೇ. ಲೆನ್ಸ್ ಎಷ್ಟೇ ಒಳ್ಳೆಯದಿರಲಿ, 126 ಗೆರೆಜೋಡಿಯಲ್ಲಿ ಕಾಂಟ್ರಾಸ್ಟ್ ಸೊನ್ನೆ.

ಎರಡನೆಯದು ಲೆನ್ಸ್. ಅಗಲವಾದ ಹಾಸಿನ ಚಿತ್ರವನ್ನು ಲೆನ್ಸು ಸಣ್ಣ ಸೆನ್ಸರಿನ ಮೇಲೆ ಕುಗ್ಗಿಸಿ ಬೀಳಿಸಬೇಕು. ಅಂದಾಜಿಗೆ ನಾಲ್ಕರಷ್ಟು ಕುಗ್ಗಿಸುತ್ತೆ ಅಂದುಕೊಳ್ಳಿ. ಫಿಲ್ಮಿನ ಮೇಲೆ 126 ಇದ್ದದ್ದು ಸೆನ್ಸರಿನ ಮೇಲೆ 504 ಗೆರೆಜೋಡಿ ಆಗುತ್ತೆ. ಎಫ್ 5.6ರ ಲೆನ್ಸು ಪರಿಪೂರ್ಣವಾಗಿಯೇ ಇದೆ ಅಂದುಕೊಂಡರೂ, ಹಸಿರು ಬೆಳಕಿನ 0.55 ಮೈಕ್ರಾನ್ ತರಂಗಾಂತರಕ್ಕೆ ಡಿಫ್ರಾಕ್ಷನ್ನಿನ ಮಿತಿ 325 ಗೆರೆಜೋಡಿ. ಅದರಾಚೆ ಯಾವ ಲೆನ್ಸೂ ಏನನ್ನೂ ದಾಟಿಸಲ್ಲ. 504 ಅನ್ನೋದು ಭೌತಶಾಸ್ತ್ರವೇ ಬೇಡ ಅನ್ನೋ ಮಾತು.

ಮೂರನೆಯದು ಮೋಟಾರ್. ಸೆನ್ಸರ್ ಹೊತ್ತ ಗಾಡಿ ಬೆಲ್ಟಿನ ಮೇಲೆ ಸಾಗುತ್ತೆ. ಅದರ ಅಲುಗಾಟ, ಹಲ್ಲುಗಳ ಸಡಿಲ, ಜೊತೆಗೆ ಅಳೆಯುತ್ತಿರುವಾಗಲೇ ಮುಂದೆ ಸರಿಯೋದು, ಎಲ್ಲ ಸೇರಿ ಆ ದಿಕ್ಕಿನಲ್ಲಿ ಇನ್ನಷ್ಟು ಮಸುಕು. ನಮಗೆ ಒಂದು ದಿಕ್ಕು 1626, ಇನ್ನೊಂದು 1450 ಬಂದದ್ದು ಅದಕ್ಕೇ.

ನಾಲ್ಕನೆಯದು ಫೋಕಸ್. ಕಾಗದದ ಕಥೆ ಹೇಳಿದೆವಲ್ಲ, ಅದು. ಅದರ ಮೇಲೆ ಹಳೇ ಫಿಲ್ಮ್ ಸುರುಳಿ ಸುತ್ತಿಕೊಂಡಿರುತ್ತೆ, ನಡುಭಾಗ ಒಂದು ಎತ್ತರ, ಅಂಚು ಇನ್ನೊಂದು ಎತ್ತರ.

ಈ ನಾಲ್ಕೂ ಕೂಡಿಕೊಳ್ಳೋದಿಲ್ಲ, ಗುಣಿಸಿಕೊಳ್ಳುತ್ತವೆ. ಉದಾಹರಣೆಗೆ 32 ಗೆರೆಜೋಡಿಯ ಹತ್ತಿರ ಸೆನ್ಸರ್ 0.9, ಲೆನ್ಸ್ 0.4, ಮೋಟಾರ್ 0.7, ಫೋಕಸ್ 0.6 ಕಾಂಟ್ರಾಸ್ಟ್ ಉಳಿಸುತ್ತೆ ಅನ್ನೋಣ. ಒಂದೊಂದಾಗಿ ನೋಡಿದರೆ ಯಾವುದೂ ಅಷ್ಟು ಕೆಟ್ಟದ್ದಲ್ಲ. ಗುಣಿಸಿ ನೋಡಿ, 0.15. ಕಣ್ಣು ಗೆರೆ ಎಣಿಸೋಕೆ ಒದ್ದಾಡೋದು ಹೆಚ್ಚುಕಮ್ಮಿ ಈ ಮಟ್ಟದಲ್ಲೇ. ಶಾರ್ಪನಿಂಗ್ ಹಾಕಿದರೆ 0.15ನ್ನು ಎತ್ತಬಹುದು, ಜೊತೆಗೆ ನಾಯ್ಸೂ ಏಳುತ್ತೆ. ಆದರೆ ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ.

ಫಿಲ್ಮಿಗಾಗಿಯೇ ಮಾಡಿದ ಸ್ಕ್ಯಾನರುಗಳು ಯಾಕೆ ಚೆನ್ನಾಗಿರುತ್ತವೆ ಅನ್ನೋದೂ ಇಲ್ಲೇ ಗೊತ್ತಾಗುತ್ತೆ. ನಿಕಾನ್ ಕಂಪನಿಯ ಕೂಲ್‌ಸ್ಕ್ಯಾನ್ 5000 ಅಂತ ಒಂದಿತ್ತು, ಈಗ ತಯಾರಾಗುತ್ತಿಲ್ಲ. ಅದರ ಮೇಲೆ ಬರೆದದ್ದು 4000 ಮಾತ್ರ, ನಮ್ಮ 6400ಕ್ಕಿಂತ ಕಮ್ಮಿ. ಆದರೆ ಅದು ನೋಡಬೇಕಾದದ್ದು 35 ಎಂ.ಎಂ. ಫಿಲ್ಮಿನ 24 ಮಿ.ಮೀ. ಅಗಲ ಅಷ್ಟೇ, ಸುಮಾರು 3,800 ಪಿಕ್ಸೆಲ್ ಸಾಕು. ಕುಗ್ಗಿಸೋ ಕಷ್ಟ ಇಲ್ಲ, ನಡುವೆ ಹಾಸಿನ ಗಾಜಿಲ್ಲ, ಆಟೋಫೋಕಸ್ ಬೇರೆ ಇದೆ. ಕಮ್ಮಿ ಸಂಖ್ಯೆ ಬರೆದ ಯಂತ್ರ ಹೆಚ್ಚು ತೋರಿಸೋದು ಹೀಗೆ.

ಹಾಗಾದರೆ ಎಷ್ಟಕ್ಕೆ ಇಡಬೇಕು?

ನಿಜವಾದ ಶಕ್ತಿ 1800 ಅಂತ ಗೊತ್ತಾಯ್ತು, ಹಾಗಾಗಿ 1800ಕ್ಕೇ ಸೆಟ್ ಮಾಡಿದರೆ ಸಾಕಲ್ವಾ? ಸಾಲಲ್ಲ. 1600ರಲ್ಲಿ ಸ್ಕ್ಯಾನ್ ಮಾಡಿ ನೋಡಿದೆವು, ಚಾರ್ಟಿನಲ್ಲಿ ಎರಡು ಎಲಿಮೆಂಟ್ ಕಳೆದುಹೋದವು, ಸುಳ್ಳು ಗೆರೆಗಳೂ ಬಂದವು. ಮಿತಿಯ ಅಂಚಿನಲ್ಲಿ ಗೆರೆಗಳು ಪಿಕ್ಸೆಲ್ ನಡುವೆ ಹೇಗೆ ಬೀಳುತ್ತವೆ ಅನ್ನೋದು ಅದೃಷ್ಟದ ಮಾತಾಗುತ್ತೆ. ಸ್ವಲ್ಪ ಜಾಸ್ತಿ ಸ್ಯಾಂಪಲ್ ತಗೊಂಡರೆ ಆ ಅದೃಷ್ಟ ನಂಬಿ ಕೂರಬೇಕಿಲ್ಲ. 3200ರಲ್ಲಿ ಕಂಡದ್ದಕ್ಕೂ 6400ರಲ್ಲಿ ಕಂಡದ್ದಕ್ಕೂ ನಮ್ಮ ನಾಲ್ವರ ಕಣ್ಣಿಗೆ ಒಂದು ಎಲಿಮೆಂಟಿನ ವ್ಯತ್ಯಾಸವೂ ಇರಲಿಲ್ಲ. ಹಾಗಾಗಿ ನಮ್ಮ ನಿಯಮ: ಅಳೆದ ಶಕ್ತಿಯ ಒಂದೂವರೆಯಿಂದ ಎರಡರಷ್ಟು. ನಮಗೆ 3200.

ಇದು ಬರೀ ಥಿಯರಿ ಅಲ್ಲ. ಈ ಚೌಕ ನೆಗೆಟಿವ್‌ನ ಅಳತೆ 56 ಮಿ.ಮೀ.ಗೆ 56 ಮಿ.ಮೀ. 16 ಬಿಟ್ ಕಪ್ಪು-ಬಿಳುಪಿನಲ್ಲಿ 6400ಕ್ಕೆ ಒಂದು ಫೈಲ್ 398 ಎಂ.ಬಿ., 3200ಕ್ಕೆ ಸುಮಾರು 100 ಎಂ.ಬಿ. 140 ನೆಗೆಟಿವ್‌ಗೆ 56 ಜಿ.ಬಿ. ಬದಲು 14 ಜಿ.ಬಿ. ಸಮಯದ ಲೆಕ್ಕ ಇನ್ನೂ ಮುಖ್ಯ. ಹನ್ನೊಂದು ನಿಮಿಷದಂತೆ 140 ಅಂದರೆ 25 ಗಂಟೆ ಮೇಲೆ, ನಾಲ್ಕು ನಿಮಿಷದಂತೆ 9 ಗಂಟೆ 20 ನಿಮಿಷ. ನಮಗೆ ಲ್ಯಾಬ್ ಸಿಗೋದು ದಿನಕ್ಕೆ ಎರಡು ಗಂಟೆ. 6400ರಲ್ಲೇ ಕೂತಿದ್ದರೆ ಇಂಟರ್ನಲ್ಸ್ ಬಂದುಬಿಡುತ್ತಿತ್ತು, ಡಬ್ಬ ಅರ್ಧಕ್ಕೇ ವಾಪಸ್ ಹೋಗುತ್ತಿತ್ತು.

ಮತ್ತೆ 1800 ಅನ್ನೋದು ಕೀಳೂ ಅಲ್ಲ. ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಸಾಕು ಅಂತಾರೆ. ಈ ನೆಗೆಟಿವ್‌ನಿಂದ ಒಂದು ಕಡೆಗೆ ಸುಮಾರು 3,970 ಪಿಕ್ಸೆಲ್‌ನಷ್ಟು ನಿಜವಾದ ವಿವರ ಬರುತ್ತೆ, ಅಂದರೆ 13 ಇಂಚಿನ ಪ್ರಿಂಟು. 35 ಎಂ.ಎಂ. ಫಿಲ್ಮಾದರೂ ಉದ್ದಕ್ಕೆ 8 ಇಂಚು ಆರಾಮಾಗಿ. ಗೋಡೆಗೆ ಹಾಕೋ ಫ್ರೇಮಿಗೆ, ವಾಟ್ಸಾಪ್ ಫ್ಯಾಮಿಲಿ ಗ್ರೂಪಿಗೆ ಇದು ಧಾರಾಳ. 139 ನೆಗೆಟಿವ್‌ಗಳು ಹೀಗೇ ಮುಗಿದವು, ಆರು ಹಾಳೆ ಎತ್ತರ, 3200 ಡಿಪಿಐ, ಐದು ಸಂಜೆ.

ಅಜ್ಜಿಯ ನೆಗೆಟಿವ್

ಉಳಿದದ್ದು ಒಂದು. ಅದರಲ್ಲಿ ಪೂರ್ತಿ ಫೋಟೋ ಬೇಕಾಗಿರಲಿಲ್ಲ, ಒಂದು ಮುಖ ಬೇಕಿತ್ತು. ಸ್ಕೇಲ್ ಇಟ್ಟು ಅಳೆದರೆ ಆ ಮುಖ ಫಿಲ್ಮಿನ ಮೇಲೆ ಸುಮಾರು 2 ಮಿ.ಮೀ. 1800ರ ಲೆಕ್ಕದಲ್ಲಿ 140 ಪಿಕ್ಸೆಲ್. ಪ್ರಿಂಟಿನಲ್ಲಿ ಅರ್ಧ ಇಂಚು. ಅಜ್ಜಿ ಕೇಳಿದ್ದು ಪೋಸ್ಟ್‌ಕಾರ್ಡ್ ಅಳತೆ.

ಇಷ್ಟು ಹೊತ್ತಿಗೆ ನಮಗೆ ಒಂದು ವಿಷಯ ಖಾತ್ರಿಯಾಗಿತ್ತು. ಮಂಜಿಗೆ ಕಾರಣ ತಾತನ ಕ್ಯಾಮೆರಾ ಅಂತ ಹೇಳೋ ಹಕ್ಕು ನಮಗಿಲ್ಲ. ಒಳ್ಳೆಯ ಫಿಲ್ಮಿನಲ್ಲಿ ಎಷ್ಟು ಹಿಡಿಯುತ್ತೆ ಅಂದರೆ, ಫ್ಯೂಜಿಯ ವೆಲ್ವಿಯಾ 50 ಅನ್ನೋ ಸ್ಲೈಡ್ ಫಿಲ್ಮಿನ ಡೇಟಾಶೀಟಿನಲ್ಲಿ ಕಮ್ಮಿ ಕಾಂಟ್ರಾಸ್ಟಿಗೇ ಮಿ.ಮೀ.ಗೆ 80 ಗೆರೆಗಳು ಅಂತಿದೆ. ತಾತನ ಫಿಲ್ಮ್ ಅಷ್ಟು ನಯವಾದದ್ದಲ್ಲದಿರಬಹುದು, ಆದರೆ ನಮ್ಮ ಸ್ಕ್ಯಾನರ್ 36ಕ್ಕೇ ಕೈಚೆಲ್ಲುತ್ತೆ. ಫಿಲ್ಮಿನಲ್ಲಿ ಇನ್ನೂ ಏನೋ ಇರಬಹುದು.

ಫೋಟೋಗ್ರಫಿ ಕ್ಲಬ್ಬಿನ ಅಕ್ಕ ಒಬ್ಬರ ಹತ್ತಿರ 24 ಮೆಗಾಪಿಕ್ಸೆಲ್ ಕ್ಯಾಮೆರಾ, ಮ್ಯಾಕ್ರೋ ಲೆನ್ಸ್ ಇತ್ತು. ಟ್ಯಾಬ್ಲೆಟ್ಟಿನ ಬಿಳಿ ಸ್ಕ್ರೀನೇ ದೀಪ. ಸ್ಕ್ರೀನಿನ ಪಿಕ್ಸೆಲ್ ಚಿತ್ರದಲ್ಲಿ ಕಾಣದಿರಲಿ ಅಂತ ನಡುವೆ ಹಾಲುಬಣ್ಣದ ಅಕ್ರಿಲಿಕ್ ಹಾಳೆ, ಅದರಿಂದ ಎರಡು ಬೆರಳು ಮೇಲೆ ಹೋಲ್ಡರ್. ಕ್ಯಾಮೆರಾ ಸ್ಟ್ಯಾಂಡಿಗೆ ಕಟ್ಟಿ, ಟೈಮರ್ ಇಟ್ಟು ತೆಗೆದೆವು. ಅಪರ್ಚರ್ 5.6. ಇಷ್ಟು ಹತ್ತಿರದಲ್ಲಿ ಲೆನ್ಸ್ ವರ್ತಿಸೋದು ಎರಡರಷ್ಟು ಎಫ್ ಸಂಖ್ಯೆಯ ಹಾಗೆ, ಅದಕ್ಕೇ 16, 22 ಅಂತ ಮುಚ್ಚಬಾರದು, ಡಿಫ್ರಾಕ್ಷನ್ ಮತ್ತೆ ತಿಂದುಬಿಡುತ್ತೆ. ಮೊದಲು ಚಾರ್ಟ್ ತೆಗೆದು ನೋಡಿದೆವು. ಗ್ರೂಪ್ 6, ಎಲಿಮೆಂಟ್ 3ರ ತನಕ ಮೂರು ಗೆರೆ ಎಣಿಸಬಹುದಿತ್ತು. ಮಿ.ಮೀ.ಗೆ 80 ಜೋಡಿ, ಸುಮಾರು 4100 ಡಿಪಿಐ. ಈ ರೀತಿ ಒಂದು ಸಲಕ್ಕೆ ಫಿಲ್ಮಿನ ಒಂದು ತುಂಡು ಮಾತ್ರ ಬರುತ್ತೆ, ಇಡೀ ನೆಗೆಟಿವ್ ಬೇಕಾದರೆ ಹತ್ತು ಹದಿನೈದು ತೆಗೆದು ಜೋಡಿಸಬೇಕು. 140ಕ್ಕೆ ಆಗದ ಕೆಲಸ. ಒಂದು ಮುಖಕ್ಕಾದರೆ ಒಂದೇ ಕ್ಲಿಕ್.

ಚಿತ್ರ ಬಂತು. ಪವಾಡ ಏನೂ ಆಗಲಿಲ್ಲ. ಫಿಲ್ಮಿನ ಗ್ರೇನ್ ಮರಳಿನ ಹಾಗೆ ಎದ್ದು ಕಾಣ್ತಿತ್ತು, ರೆಪ್ಪೆ ಬಿಡಿಬಿಡಿಯಾಗಿ ಕಾಣೋ ಅಷ್ಟು ಫೋಟೋದಲ್ಲೇ ಇರಲಿಲ್ಲ. ಆದರೆ ಕಣ್ಣು ಎಲ್ಲಿ ನೋಡ್ತಿದೆ ಅಂತ ಗೊತ್ತಾಗುತ್ತಿತ್ತು. ಕಿವಿಯ ಹತ್ತಿರ ಸ್ಕ್ಯಾನಿನಲ್ಲಿ ಒಂದು ಬಿಳಿ ಮಚ್ಚೆ ಇತ್ತಲ್ಲ, ಅದು ಇಲ್ಲಿ ಮಚ್ಚೆ ಆಗಿರಲಿಲ್ಲ. ನಡುವೆ ಒಂದು, ಸುತ್ತ ಆರು, ಏಳು ಹರಳಿನ ಬೆಂಡೋಲೆ. ಆಮೇಲೆ ಲೆಕ್ಕ ಹಾಕಿದೆವು. ಹರಳಿಂದ ಹರಳಿಗೆ ಫಿಲ್ಮಿನ ಮೇಲೆ ಸುಮಾರು 40 ಮೈಕ್ರಾನ್, ಅಂದರೆ ಮಿ.ಮೀ.ಗೆ 25 ಜೋಡಿ. ಸ್ಕ್ಯಾನರಿನಲ್ಲಿ ಅದು ಹೆಚ್ಚುಕಮ್ಮಿ ಕೈಚೆಲ್ಲೋ ಜಾಗ, ಅದೂ ನಾವು ಮೊದಲ ದಿನ ಫೋಕಸ್ಸೂ ನೋಡದೆ ಸ್ಕ್ಯಾನ್ ಮಾಡಿದ್ದೆವು. ಕ್ಯಾಮೆರಾಕ್ಕೆ ಅದು ಸುಲಭದ ಜಾಗ.

ಪ್ರಿಂಟ್ ನೋಡಿ ಅಜ್ಜಿ ಮುಖದ ಬಗ್ಗೆ ಮೊದಲು ಏನೂ ಹೇಳಲಿಲ್ಲವಂತೆ. ಓಲೆ ಮೇಲೆ ಬೆರಳಿಟ್ಟು, "ಇದ ಮಾರಿಯೇ ನನ್ನ ಮದ್ವೆ ಮಾಡಿದ್ದು ನಮ್ಮವ್ವ" ಅಂದರಂತೆ. ನಮ್ಮ ಗೆಳೆಯನಿಗೂ ಅವನ ಚಿಕ್ಕಪ್ಪನಿಗೂ ಅವತ್ತಿನವರೆಗೆ ಅದು ಗೊತ್ತಿರಲಿಲ್ಲ.

ನೀವು ಮಾಡಬೇಕೆಂದರೆ

ಊರಿಗೆ ಹೋದಾಗ ಅಟ್ಟದ ಮೇಲಿನ ಡಬ್ಬ ಸಿಕ್ಕರೆ ಇಷ್ಟು ನೆನಪಿಡಿ.

1. ಡಬ್ಬದ ಮೇಲಿನ ಡಿಪಿಐ ನಂಬಿ ಶುರು ಮಾಡಬೇಡಿ. ಚಾರ್ಟ್ ಅಥವಾ ಬ್ಲೇಡ್ ಇಟ್ಟು ಒಂದು ಸಂಜೆ ಅಳೆಯಿರಿ, ಎರಡೂ ದಿಕ್ಕಿನಲ್ಲಿ.

2. ಹೋಲ್ಡರ್ ಕೆಳಗೆ ಕಾಗದ ಇಟ್ಟು ಸರಿಯಾದ ಎತ್ತರ ಹುಡುಕಿ. ಖರ್ಚಿಲ್ಲದ ಲಾಭ ಇದೊಂದೇ.

3. ಅಳೆದದ್ದರ ಒಂದೂವರೆಯಿಂದ ಎರಡರಷ್ಟು ಸೆಟ್ ಮಾಡಿ. ಅದಕ್ಕಿಂತ ಜಾಸ್ತಿ ಇಟ್ಟರೆ ತುಂಬೋದು ಹಾರ್ಡ್ ಡಿಸ್ಕ್ ಮಾತ್ರ.

4. ಶಾರ್ಪನಿಂಗ್ ಸ್ಕ್ಯಾನ್ ಮಾಡುವಾಗ ಬೇಡ, ಆಮೇಲೆ ಕಾಪಿ ಮೇಲೆ ಮಾಡಿ.

5. ತುಂಬಾ ಸಣ್ಣ ವಿವರ ಬೇಕಾದ ಒಂದೆರಡು ನೆಗೆಟಿವ್ ಇದ್ದರೆ, ಅವಕ್ಕಷ್ಟೇ ಮ್ಯಾಕ್ರೋ ಲೆನ್ಸಿನ ದಾರಿ ಹಿಡಿಯಿರಿ.

6. ವಿನೆಗರ್ ವಾಸನೆ ಬರೋ ನೆಗೆಟಿವ್‌ಗಳನ್ನು ಬೇರೆ ಇಡಿ, ಮೊದಲು ಅವನ್ನೇ ಸ್ಕ್ಯಾನ್ ಮಾಡಿ. ಅಸಿಟೇಟ್ ಫಿಲ್ಮ್ ಕೆಡೋಕೆ ಶುರುವಾಗಿದೆ ಅಂತ ಅರ್ಥ. ಕೆಟ್ಟದ್ದು ವಾಪಸ್ ಸರಿಹೋಗಲ್ಲ, ತಂಪಾದ, ಒಣ ಜಾಗದಲ್ಲಿ ಇಟ್ಟರೆ ನಿಧಾನ ಆಗುತ್ತೆ, ಅಷ್ಟೇ. ನಮ್ಮ ಡಬ್ಬದಲ್ಲಿ ಅಂಥವು ಒಂಬತ್ತು ಇದ್ದವು.

7. ಸ್ಕ್ಯಾನ್ ಆಯ್ತು ಅಂತ ನೆಗೆಟಿವ್ ಎಸೆಯಬೇಡಿ. ಫೈಲಿನಲ್ಲಿ ಇರೋದು ನಿಮ್ಮ ಸ್ಕ್ಯಾನರ್ ಕಂಡದ್ದು ಮಾತ್ರ.

ಬಿಸ್ಕತ್ತಿನ ಡಬ್ಬ ಈಗ ನಮ್ಮ ಗೆಳೆಯನ ಮನೆಯ ಬೀರುವಿನಲ್ಲಿದೆ. ಪ್ರತಿ ನೆಗೆಟಿವ್‌ಗೂ ಒಂದೊಂದು ಬಟರ್ ಪೇಪರ್ ಕವರ್, ಮೇಲೆ ಪೆನ್ಸಿಲ್‌ನಲ್ಲಿ ನಂಬರ್. ಕವರ್ ಕತ್ತರಿಸಿ ಕೊಟ್ಟವರು ಚಿಕ್ಕಪ್ಪ. ಲ್ಯಾಬಿನ ಸ್ಕ್ಯಾನರ್ ಮುಚ್ಚಳದ ಒಳಗಡೆ ನಾವು ಒಂದು ಚೀಟಿ ಅಂಟಿಸಿದ್ದೇವೆ: "ಆರು ಹಾಳೆ ಎತ್ತರ, 3200 ಸಾಕು." ಮುಂದಿನ ಬ್ಯಾಚಿನವರು ಬ್ಲೇಡ್ ಇಟ್ಟು ಇನ್ನೊಮ್ಮೆ ಅಳೆದು, ನಮ್ಮ ಲೆಕ್ಕ ತಪ್ಪಿದ್ದರೆ ಅದರ ಮೇಲೇ ತಿದ್ದಿ ಬರೆಯಲಿ.